ಹರಿಹರದಲ್ಲಿ ಇರದ ಗಂಡ

"ಮೊದ್ಲ ನೀ ಒಂದ ಹಡದು ತೋರ್ಸು. ಆಮ್ಯಾಲೆ ನನ್ನ ಹೇಣ್ತಿಗೆ ಬುದ್ಧಿ ಹೇಳಾಕ ಬರ್ವಂತಿ."

ಗುದ್ಲೆಪ್ಪ ತಲೆಬಾಗಿಲಿಗೆ ಅಡ್ಡ ನಿಂತು ಹೀಗೆಂದಾಗ ಅಂಗಳದಲ್ಲಿ ಭತ್ತದ ಸಸಿಕಟ್ಟು ಇಳಿಸುತ್ತಿದ್ದ ಆಳುಗಳೆಲ್ಲ ಕೆಲಸ ಬಿಟ್ಟು ತಿರುಗಿ ನೋಡಿದರು.

ಔಷಧದ ಚೀಲ ಹಿಡಿದು ನಿಂತಿದ್ದ ನರ್ಸಬಾಯಿ ಶಾರವ್ವನ ಮುಖ ಕೆಂಪಾಯಿತು. ಒಳಗೆ ನಡುಮನೆಯಲ್ಲಿ ಗುದ್ಲೆಪ್ಪನ ಹೆಂಡತಿ ಶಂಕ್ರವ್ವ ಐದನೆಯ ಬಸುರಿ. ಕಾಲು ಬಾತಿವೆ, ಕಣ್ಣಿನ ರೆಪ್ಪೆಯೊಳಗೆ ರಕ್ತದ ಕಳೆಯಿಲ್ಲ. ಇದೇ ಕೊನೆಯದಾಗಲಿ ಎಂದು ಹೇಳಲು ಬಂದವಳು ಅವಳು.

ಆಗ ಸೈಕಲ್ಲನ್ನು ಗೋಡೆಗೆ ಒರಗಿಸಿ ಒಬ್ಬ ಒಳಬಂದ. ಎಣ್ಣೆಗಪ್ಪು ಮುಖ, ಮೊಣಕಾಲಿನವರೆಗೆ ಮಡಚಿದ ಪ್ಯಾಂಟು, ಕಾಲಿಗೆ ಗದ್ದೆಯ ಕೆಸರು. ಆ ಭಾಗಕ್ಕೆ ಹೊಸದಾಗಿ ಬಂದಿದ್ದ ಗ್ರಾಮಸೇವಕ ಹೊಳಬಸಪ್ಪ.

"ಗುದ್ಲೆಪ್ಪಣ್ಣ, ಬೇಸಗಿ ಬೆಳಿಗೆ ಸಸಿ ಒತ್ತೊತ್ತ ಹಚ್ಚಬ್ಯಾಡ ಅಂದಿದ್ನೆಲ್ಲ, ಕೇಳಿದಿ?"

"ಕೇಳ್ದೆ. ಕಾಳ ಚಲೋ ತುಂಬಿದ್ವು."

"ನನಗ ಒಂದ ಗುಂಟೆ ಗದ್ದಿ ಇಲ್ಲ. ನೀ ಮೊದ್ಲ ಭತ್ತಾ ಬೆಳದು ತೋರ್ಸು ಅಂತ ನನಗ ಅಂದಿಲ್ಲಲ್ಲ."

ಆಳುಗಳಲ್ಲಿ ಯಾರೋ ಕಿಸಕ್ಕೆಂದರು. ಗುದ್ಲೆಪ್ಪ, "ಅದು ಬ್ಯಾರೆ, ಇದು ಬ್ಯಾರೆ" ಎಂದು ಗೊಣಗುತ್ತ ಪಕ್ಕಕ್ಕೆ ಸರಿದ.

ಕೆಲಸ ಮುಗಿಸಿ ಹೊರಬಂದ ಶಾರವ್ವ ಓಣಿಯ ತಿರುವಿನಲ್ಲಿ ಅವನನ್ನು ನಿಲ್ಲಿಸಿದಳು.

"ನನ್ನ ಪರ ವಕೀಲಿಕಿ ಮಾಡ್ರಿ ಅಂತ ಯಾರ ಕರದಿದ್ರು ನಿಮ್ಮನ್ನ?"

"ಯಾರೂ ಇಲ್ಲರಿ ಅಕ್ಕಾರ."

"ಇವತ್ತ ಬಾಗಿಲಾ ಬಿಟ್ಟ. ನಾಳೆ ಚಾದಂಗಡ್ಯಾಗ ಕುಂತು ನಿಮ್ಮ ಹೆಸರು ನನ್ನ ಹೆಸರು ಕೂಡಿಸ್ತಾನ. ಗಂಡಸರಿಗೇನ, ಸೈಕಲ್ ಹತ್ತಿ ಹೋಗ್ತೀರಿ."

ಅವನು ಒಂದು ಹೆಜ್ಜೆ ಹಿಂದಕ್ಕೆ ಸರಿದ. ಅವಳ ಕೊರಳಿನ ಕರಿಮಣಿಯನ್ನೂ ಕಾಲುಂಗುರವನ್ನೂ ಕಂಡು ತಲೆ ತಗ್ಗಿಸಿದ.

"ತಪ್ಪಾತ್ರಿ. ನಿಮ್ಮ ಯಜಮಾನ್ರ ಕಿವಿಗೆ ಬಿದ್ರ ಚಂದ ಇರೂದಿಲ್ಲ, ಖರೇ."

ಯಜಮಾನ್ರು... ಶಾರವ್ವ ತಡವರಿಸಿದಳು. ಈತನ ಮೇಲೆ ಸಿಟ್ಟು ಬಂದಿತ್ತು. ಆದರೆ ಅವನು ಹೀಗೆ ತಲೆ ತಗ್ಗಿಸಿದ್ದಕ್ಕೆ ಯಾಕೆ ಬೇಸರವಾಯಿತು?

*

ಶಾರವ್ವನಿಗೆ ಮದುವೆಯೇ ಆಗಿರಲಿಲ್ಲ.

ಆಗ ೧೯೮೩ರ ಮಳೆಗಾಲ. ಅವಳಿಗೆ ಮೂವತ್ತೊಂದು. ಹಾನಗಲ್ ತಾಲೂಕಿನ ಹುಣಸಿಕೊಪ್ಪದ ಆರೋಗ್ಯ ಉಪಕೇಂದ್ರಕ್ಕೆ ಅವಳು ಬಂದದ್ದು ತುರ್ತುಪರಿಸ್ಥಿತಿ ಮುಗಿದ ಹೊಸತರಲ್ಲಿ. ಸರಕಾರಿ ಚೀಲ ಕಂಡರೆ ಒತ್ತಾಯದ ಆಪರೇಶನ್ನಿಗೆ ಹೆದರಿ ಗಂಡಸರು ಹಿತ್ತಿಲ ಬೇಲಿ ಹಾರುತ್ತಿದ್ದ ಕಾಲ ಅದು.

ಅಕ್ಕಿಆಲೂರಿನ ಹಿರಿಯ ನರ್ಸು ಸರೋಜವ್ವ ಮೊದಲ ದಿನವೇ ಅವಳ ಬರಿಗೊರಳನ್ನು ನೋಡಿ ಹೇಳಿದ್ದಳು: "ನೀ ಹೋಗಿ ಮಾತಾಡೂದು ಕುಟುಂಬ ಯೋಜನಾ. ಲಗ್ನ ಆಗದ ಹುಡುಗಿ ಬಾಯಾಗ ಆ ಮಾತ ಬಂದ್ರ ಗಂಡಸ್ರು ನಗ್ತಾರ, ಹೆಂಗಸ್ರು ಬಾಗಿಲಾ ಹಾಕ್ತಾರ. ಸಂತ್ಯಾಗ ಒಂದ ಕರಿಮಣಿ ತಗೋ. ನಾನೂ ಹಂಗ ಮಾಡಿದಾಕಿ."

ಹಾಗೆ ಸಂತೆಯಲ್ಲಿ ಕೊಂಡ ಕರಿಮಣಿ ಅವಳ ಸಮವಸ್ತ್ರದ ಭಾಗವಾಯಿತು. ಬಾಗಿಲುಗಳು ತೆರೆದವು ಕೂಡ. ಹೆಂಗಸರು ಒಳಗೆ ಕರೆದು, ಗಂಡಂದಿರ ಬಗ್ಗೆ, ಮುಟ್ಟಿನ ಬಗ್ಗೆ, ತಾಯಿಗೂ ಹೇಳದ ನೋವುಗಳ ಬಗ್ಗೆ ಅವಳ ಕಿವಿಯಲ್ಲಿ ಪಿಸುಗುಟ್ಟಿದರು.

ಆದರೆ ಒಂದು ಸೀಮಂತದ ಮನೆಯಲ್ಲಿ, ಒಡಪು ಹಾಕಿ ಗಂಡನ ಹೆಸರು ಹೇಳಲೇಬೇಕು ಎಂದು ಎಲ್ಲರೂ ಸುತ್ತುಗಟ್ಟಿದರು. ಶಾರವ್ವನಿಗೆ ಏನೂ ಹೊಳೆಯಲಿಲ್ಲ. ಬೆಳಿಗ್ಗೆ ಬಸ್ಸಿನಲ್ಲಿ ಟಿಕೆಟ್ ಕೊಟ್ಟ ಕಂಡಕ್ಟರನ ಹೆಸರು ನಾಲಿಗೆಗೆ ಬಂತು. ಕರಬಸಪ್ಪ!

ಎಲ್ಲಿದ್ದಾರೆ? ಹರಿಹರದ ಕಾರ್ಖಾನೆಯಲ್ಲಿ. ಯಾಕೆ ಬರುವುದಿಲ್ಲ? ರಜೆ ಸಿಗುವುದಿಲ್ಲ.

ಇಲ್ಲದ ಗಂಡನಿಗೆ ರಜೆ ಇಲ್ಲದ ನೌಕರಿ. ಅಲ್ಲಿಗೆ ಮುಗಿಯಿತೆಂದು ಅವಳು ಅಂದುಕೊಂಡಳು. ಮುಗಿಯಲಿಲ್ಲ. ವರ್ಷಗಳು ಕಳೆದಂತೆ ಆ ಹೆಂಗಸರ ಕಣ್ಣಲ್ಲಿ ಮರುಕ ತುಂಬಿತು. ಎಲ್ಲರ ಹೆರಿಗೆ ಮಾಡಿಸುವ ಬಾಯಾರ ಮಡಿಲು ಮಾತ್ರ ಯಾಕೆ ತುಂಬಲಿಲ್ಲ? ಅವಳು ಮಕ್ಕಳು ಸಾಕು ಎನ್ನುತ್ತಿದ್ದಳು. ಅವರು ಅವಳಿಗೆ ಒಂದಾದರೂ ಆಗಲಿ ಎಂದು ಹರಕೆ ಹೊರುತ್ತಿದ್ದರು.

ಶನಿವಾರ ಸಂಜೆ ತನ್ನೂರು ಸವಣೂರಿಗೆ ಹೋಗುವ ಬಸ್ಸಿನಲ್ಲಿ, ಊರು ಇನ್ನೂ ದೂರವಿರುವಾಗಲೇ, ಅವಳು ಕರಿಮಣಿ ಮತ್ತು ಕಾಲುಂಗುರ ತೆಗೆದು ಚೀಲದ ತಳಕ್ಕೆ ಹಾಕುತ್ತಿದ್ದಳು. ಮದುವೆಯಾಗದ ಮಗಳ ಕೊರಳಲ್ಲಿ ಅದನ್ನು ಕಂಡರೆ ಅವ್ವ ಉಡಚವ್ವ ಎದೆಯೊಡೆದುಕೊಂಡಾಳು.

ಆ ಮನೆಯಲ್ಲಿ ಅವಳದು ಇನ್ನೊಂದು ವಿಚಿತ್ರ ಸ್ಥಾನ. ಅವಳಿಗಿಂತ ಐದು ವರ್ಷ ದೊಡ್ಡವಳಾದ ಅಕ್ಕನಿಗೆ ಹದಿನಾಲ್ಕಕ್ಕೆ ಮದುವೆಯಾಗಿತ್ತು. ಅಕ್ಕನ ಮಗಳಿಗೂ ಹಾಗೆಯೇ. ಹೀಗಾಗಿ ಅಕ್ಕ ಮೂವತ್ತೈದು ತುಂಬುವ ಮೊದಲೇ ಅಜ್ಜಿಯಾಗಿದ್ದಳು. ಆ ಮೊಮ್ಮಗ ಶಾರವ್ವನನ್ನು "ಸಣ್ಣಾಯಿ" ಎನ್ನುತ್ತಿದ್ದ. ಇತ್ತ ಮದುವೆಯಿಲ್ಲ, ಅತ್ತ ಅಜ್ಜಿಯ ಪಟ್ಟ.

ಮದುವೆ ಬೇಡ ಎಂದು ಅವಳು ಯಾವತ್ತೂ ಹೇಳಿರಲಿಲ್ಲ. "ಈಗ ಬ್ಯಾಡ" ಎಂದಿದ್ದಳು, ಅಷ್ಟೇ. ಹದಿನೆಂಟರಲ್ಲಿ ಅಂದಳು, ತರಬೇತಿಗೆ ಹೋದಾಗ ಅಂದಳು. ಮೇಲಿಂದ ಮೇಲೆ ಹೆತ್ತ ಅಕ್ಕನ ಉದುರಿದ ಹಲ್ಲು, ಕುಸಿದ ಬೆನ್ನು ನೋಡಿದಾಗಲೆಲ್ಲ ಅಂದಳು. ಆಮೇಲೆ ಕೇಳುವವರೇ ಕಡಿಮೆಯಾದರು. ಇನ್ನೂ ಬೇಡವೋ, ಬೇಕೋ... ಅವಳಿಗೇ ತಿಳಿಯದಾಗಿತ್ತು.

*

ಹೊಳಬಸಪ್ಪನ ದಾರಿಯೂ ಅವಳ ದಾರಿಯೂ ಒಂದೇ ಆಗಿದ್ದವು. ಬಸ್‌ಸ್ಟ್ಯಾಂಡಿನ ಎದುರು ಸಿರಾಜುದ್ದೀನನ ಚಾದಂಗಡಿ. ಅಲ್ಲಿ ಅವಳು ಬೆಂಚಿನ ಮೇಲೆ ಕುಳಿತರೆ ಅವನು ನಿಂತೇ ಚಹಾ ಕುಡಿಯುತ್ತಿದ್ದ.

"ಕುಂತ್ರ ಬೆಂಚ್ ಮುರಿಯೂದಿಲ್ಲರಿ ಗ್ರಾಮಸೇವಕರ."

"ಇರ್ಲಿ ಅಕ್ಕಾರ. ಮಂದಿ ಕಣ್ಣ ಸರಿ ಇರೂದಿಲ್ಲ. ನಿಮ್ಮ ಯಜಮಾನ್ರು ಈ ಹಬ್ಬಕ್ಕರ ಬರ್ತಾರೇನು?"

"ಇಲ್ಲ. ರಜಾ ಇಲ್ಲ."

"ಎಂಥಾ ಕಾರ್ಖಾನಿರಿ ಅದು... ಕೈದಿಗೂ ರಜಾ ಕೊಡ್ತಾರ."

ಅಂಗಡಿಯ ಒಲೆಯ ಹಿಂದಿನಿಂದ ಸಿರಾಜುದ್ದೀನ, "ಕೈದಿಗೆ ಹೇಣ್ತಿ ನೆನಪ ಬರ್ತದ ಸಾಹೇಬ್ರ, ಇವರ ಗಂಡಗ ಬರೂದಿಲ್ಲ" ಎಂದ.

ಶಾರವ್ವ ನಗಲಿಲ್ಲ. ಕರಬಸಪ್ಪ ಎಂಬ ಆ ಹೆಸರಿನ ಮೇಲೆ ಅವಳಿಗೆ ದ್ವೇಷವೇ ಹುಟ್ಟತೊಡಗಿತ್ತು. ಕೆಲಸಕ್ಕೆ ಬಾಗಿಲು ತೆರೆದ ಆ ಗಂಡನೇ ಈಗ ಇವಳ ಬಾಗಿಲಿಗೆ ಅಡ್ಡ ನಿಂತಿದ್ದ.

ಒಂದು ದಿನ ಅವಳೇ ಕೇಳಿದಳು: "ನೀವ್ಯಾಕ ಇನ್ನೂ ಒಂಟಿ?"

ಹೊಳಬಸಪ್ಪ ಲೋಟದೊಳಗೆ ನೋಡುತ್ತ ಹೇಳಿದ. "ನಮ್ಮಕ್ಕಗ ಮಗಳ ಹುಟ್ಟಿದ ದಿನಾನ, ಇದು ಹೊಳಬಸ್ಯಾಗ ಅಂತ ಗೊತ್ತ ಮಾಡಿಬಿಟ್ರು. ಆಕಿನ್ನ ಹೆಗಲ ಮ್ಯಾಲೆ ಹೊತ್ತು ಹಿರೇಕೆರೂರ ಸಂತಿ ತೋರ್ಸಿದಾಂವ ನಾ. ಹದಿನಾಲ್ಕ ಆಗೂದ್ರಾಗ ಲಗ್ನ ಅಂದ್ರು. ಆಗೂದಿಲ್ಲ ಅಂದೆ."

"ಅಕ್ಕ ಏನಂದ್ರು?"

"ಏನೂ ಅನ್ನಲಿಲ್ಲ. ಅವತ್ತಿಂದ ಮಾತ ಬಿಟ್ಟಾಳ. ಹುಡುಗಿನ್ನ ಅದ ಬ್ಯಾಸಗ್ಯಾಗ ಬ್ಯಾರೆ ಕಡೆ ಕೊಟ್ರು. ನಾ ಒಲ್ಲೆ ಅಂದದ್ರಿಂದ ನಾ ಉಳಕೊಂಡೆ ಅಷ್ಟ. ಆಕಿಗೇನೂ ಉಪಯೋಗ ಆಗ್ಲಿಲ್ಲ."

ಶಾರವ್ವನ ಕೈ ಕರಿಮಣಿಗೆ ಹೋಯಿತು. ಹೇಳಿಬಿಡಲೇ... ನನ್ನ ಕೊರಳಿಂದ ಇದನ್ನು ತೆಗೆದು ಇವನ ಕೈಯಲ್ಲಿಟ್ಟುಬಿಡಲೇ? ಆದರೆ ಸಿರಾಜುದ್ದೀನನ ಅಂಗಡಿಯಲ್ಲಿ ಆಡಿದ ಮಾತು ಕತ್ತಲಾಗುವುದರೊಳಗೆ ಓಣಿ ಓಣಿಗೆ ಹೋಗುತ್ತದೆ. ಹೆಂಗಸರು ತನಗೆ ಬಿಚ್ಚಿಟ್ಟ ಗುಟ್ಟುಗಳೆಲ್ಲ ಒಬ್ಬ ಸುಳ್ಳಿಯ ಮಡಿಲಲ್ಲಿವೆ ಎಂದು ಗೊತ್ತಾದರೆ ಮತ್ತೆ ಯಾರು ಬಾಗಿಲು ತೆರೆದಾರು? ಶಂಕ್ರವ್ವ ಆಸ್ಪತ್ರೆಗೆ ಬರಲು ಒಪ್ಪಿದ್ದೇ, "ನೀನೂ ಗಂಡುಳ್ಳಾಕಿ, ನಿನಗ ತಿಳೀತದ" ಎಂಬ ನಂಬಿಕೆಯ ಮೇಲೆ.

ನಿಜ ಹೇಳಿದರೆ ಈ ಊರು ಹೋಗುತ್ತದೆ. ಹೇಳದಿದ್ದರೆ ಇವನು ಯಾವತ್ತಿಗೂ ನಿಂತೇ ಚಹಾ ಕುಡಿಯುತ್ತಾನೆ.

ಅವಳು ಎದ್ದು ಹೋದಳು.

*

ಭತ್ತದ ಕೊಯ್ಲಿನ ಹೊತ್ತಿಗೆ ಶಂಕ್ರವ್ವ ಹಾನಗಲ್ಲಿನ ದವಾಖಾನೆಯಲ್ಲಿ ಗಂಡು ಹೆತ್ತಳು. ಗುದ್ಲೆಪ್ಪ ಬಾಯಿಬಿಡುವ ಮೊದಲೇ, ಇನ್ನು ಸಾಕೆಂದು ತಾನೇ ಆಪರೇಶನ್ನಿಗೆ ಹೆಸರು ಕೊಟ್ಟಳು.

ಅದಾದ ಮೇಲೆ ಒಂದು ಭಾನುವಾರ. ಸವಣೂರಿನ ಎಲೆಬಳ್ಳಿ ತೋಟಗಳಿಗೆ ರೋಗ ಬಿದ್ದಿದೆಯೆಂದು ಅಧಿಕಾರಿಗಳ ಜೀಪಿನಲ್ಲಿ ಬಂದಿದ್ದ ಹೊಳಬಸಪ್ಪ ಖಾರದ ತಿಂಡಿಯ ಅಂಗಡಿಯ ಮುಂದೆ ನಿಂತಿದ್ದ. ತಿರುಗಿದರೆ ಎದುರಿಗೇ ಶಾರವ್ವ. ಸೊಂಟದ ಮೇಲೆ ಅಕ್ಕನ ಮೊಮ್ಮಗ, ಪಕ್ಕದಲ್ಲಿ ಅವ್ವ.

ಅವನ ಕಣ್ಣು ಅವಳ ಕೊರಳಿಗೆ ಹೋಯಿತು. ಬರಿದು. ಕಾಲಿಗೆ ಹೋಯಿತು. ಅದೂ ಬರಿದು. ಆದರೆ ಮುಡಿಯಲ್ಲಿ ಹೂವಿದೆ, ಹಣೆಯಲ್ಲಿ ಕುಂಕುಮವಿದೆ...

"ಯಾರವ್ವಾ ಇವ್ರು?" ಉಡಚವ್ವ ಕೇಳಿದಳು.

"ನಮ್ಮ ಕಡೆ ಗ್ರಾಮಸೇವಕ್ರು."

"ಚಲೋ ಆತು ನೋಡ್ರಿ ಸಾಹೇಬ್ರ. ನಿಮ್ಮ ಕಡೆ ಯಾರರ ತಿಳದ ಮನಶಾ ಇದ್ರ ಹೇಳ್ರಿ. ಎರಡನೇದಾದ್ರೂ ನಡೀತೈತಿ. ಇಕಿಗೊಂದು ನೆಲಿ ಆಗ್ಬೇಕ್ರಿ ಇನ್ನರ."

"ಅವ್ವಾ, ಸುಮ್ನಿರು."

"ಯಾಕ ಸುಮ್ನಿರ್ಲಿ? ನಿನ್ನ ಹಿಂದ ಹುಟ್ಟಿದವೆಲ್ಲ ಮೊಮ್ಮಕ್ಳ ಆಡ್ಸಾಕತ್ತಾವ."

ಹೊಳಬಸಪ್ಪ ಏನೋ ಹೇಳಲು ಹೋಗಿ ಬಿಟ್ಟ. ಕೈ ಮುಗಿದು ಜೀಪಿನ ಕಡೆಗೆ ನಡೆದ. ಕಟ್ಟಿಸಿದ ಖಾರದ ಪೊಟ್ಟಣ ಅಂಗಡಿಯಲ್ಲೇ ಉಳಿಯಿತು.

ಶಾರವ್ವ ಅವ್ವನೆದುರು ಕರಿಮಣಿಯ ಕಥೆ ಹೇಳುವಂತಿರಲಿಲ್ಲ. ಅವನಿಗೆ ಗೊತ್ತಾಗಿಹೋಯಿತು... ನಾನು ಸುಳ್ಳಿ ಎಂದು ಗೊತ್ತಾಗಿಹೋಯಿತು.

ಆದರೆ ಅವನಿಗೆ ಗೊತ್ತಾದದ್ದೇ ಬೇರೆ. ಆ ಸೀಮೆಯಲ್ಲಿ ಮದುವೆಯಾಗದ ಹೆಣ್ಣು ಕರಿಮಣಿ ಕಟ್ಟಿಕೊಳ್ಳಬಹುದು ಎಂದು ಯಾರ ಕನಸಿನಲ್ಲೂ ಬರಲಾರದು. ತಿಂಗಳುಗಟ್ಟಲೆ ಕಣ್ಣಾರೆ ಕಂಡ ತಾಳಿ. ಈಗ ಬರಿಗೊರಳು, ಎರಡನೇದಾದ್ರೂ ನಡೀತೈತಿ ಎಂದು ಗಂಡು ಹುಡುಕುವ ತಾಯಿ. ಹಾಗಾದರೆ ಹರಿಹರದವನು ಇವಳನ್ನು ಬಿಟ್ಟಿದ್ದಾನೆ. ಮಾನಕ್ಕಂಜಿ ಹುಣಸಿಕೊಪ್ಪದಲ್ಲಿ ಮಾತ್ರ ತಾಳಿ ಹಾಕುತ್ತಾಳೆ. ಮನೆಯವರು ಉಡಿಕೆ ಮಾಡಿಕೊಡಲು, ಅಂದರೆ ಎರಡನೆಯ ಮದುವೆಗೆ, ತಯಾರಿದ್ದಾರೆ...



*

ಮುಂದಿನ ವಾರ ಅವನು ಬರಲಿಲ್ಲ.

"ರಜಾ ಹಾಕ್ಯಾನಂತ. ಎಲ್ಲಿ ಹೋಗ್ಯಾನೋ ಯಾರಿಗೂ ಹೇಳಿಲ್ಲ" ಎಂದ ಸಿರಾಜುದ್ದೀನ.

ನನ್ನ ಮುಖ ನೋಡಲಾರದೆ ಹೋಗಿದ್ದಾನೆ, ಅಂದುಕೊಂಡಳು ಶಾರವ್ವ. ಹೋಗಲಿ. ಹೋಗುವುದೇ ಸರಿ... ಆದರೂ ಬಸ್ಸು ಬಂದಾಗಲೆಲ್ಲ ಇಳಿಯುವವರ ಮುಖ ನೋಡದೆ ಇರಲು ಅವಳಿಂದ ಆಗಲಿಲ್ಲ.

ಶುಕ್ರವಾರ ಶಂಕ್ರವ್ವ ಅವಳನ್ನು ಮನೆಗೆ ಕರೆಸಿದಳು. ನಡುಮನೆಯಲ್ಲಿ ಓಣಿಯ ಹೆಂಗಸರೆಲ್ಲ ಕೂತಿದ್ದರು. ಮಣೆ ಹಾಕಿತ್ತು. ಹಿರಿಮಗಳು ಮಾದೇವಿ ಕೈಯಲ್ಲಿ ತಟ್ಟೆ ಹಿಡಿದು ನಿಂತಿದ್ದಳು. ಅದರಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಬಾಳೆಹಣ್ಣು, ಹಸಿರು ಕುಪ್ಪಸದ ಬಟ್ಟೆ.

"ಕುಂದರವ್ವಾ, ನಿನಗ ಉಡಿ ತುಂಬ್ತೇನಿ. ನಿನ್ನಿಂದ ನಾ ಉಳದೆ, ನನ್ನ ಕೂಸ ಉಳೀತು. ಬರೂ ವರ್ಷ ಇದ ಹೊತ್ತಿಗೆ ನಿನ್ನ ಮಡಿಲಾಗೂ ಒಂದು ಆಡ್ಲಿ."

ಎಲ್ಲರೂ ಮನಸಾರೆ ತಲೆಯಾಡಿಸಿದರು. ಶಾರವ್ವ ಮಣೆಯ ಮೇಲೆ ಕೂತಳು. ಸೆರಗನ್ನು ಒಡ್ಡಬೇಕು. ಗಂಡುಳ್ಳವಳ ಮಡಿಲಿಗೆ ಬೀಳಬೇಕಾದ ಅಕ್ಕಿ ಅದು. ಬಾಣಂತಿತನದ ಬಿಳಿಚು ಇನ್ನೂ ಆರದ ಶಂಕ್ರವ್ವ ಬೊಗಸೆ ತುಂಬಿಕೊಂಡು ಬಾಗಿದ್ದಳು.

ಶಾರವ್ವನ ಕೈ ಮೇಲೇಳಲಿಲ್ಲ.

"ಬ್ಯಾಡ ಶಂಕ್ರವ್ವ... ನನಗ ಮದುವಿ ಆಗಿಲ್ಲ."

ಬೊಗಸೆ ಅಲ್ಲೇ ನಿಂತಿತು.

"ಹರಿಹರದಾಗ ಯಾರೂ ಇಲ್ಲ. ಇದು ನಾನ ಕೊಂಡ ಕರಿಮಣಿ. ಹಿಂಗ ಇಲ್ಲದಿದ್ರ ನೀವ್ಯಾರೂ ನನ್ನ ಒಳಗ ಕರೀತಿದ್ದಿಲ್ಲ."

ಶಂಕ್ರವ್ವ ಅಕ್ಕಿಯನ್ನು ಮೆಲ್ಲನೆ ತಟ್ಟೆಗೆ ಸುರಿದಳು. ಸಿಟ್ಟಿಗಿಂತ ಹೆಚ್ಚಾಗಿ ನಾಚಿಕೆಯಿಂದ ಅವಳ ಮುಖ ಕಪ್ಪಿಟ್ಟಿತ್ತು.

"ನನ್ನ ಗಂಡನ ಸುದ್ದಿ, ನನ್ನ ಮೈ ಸುದ್ದಿ, ಎಲ್ಲಾ ನಿನ್ನ ಮುಂದ ಹೇಳಿದ್ನೆಲ್ಲ. ನೀನೂ ನನ್ನಂಗ ಅಂತ ತಿಳದು ಹೇಳಿದ್ದೆ. ನೀ ಬರೇ ಕೇಳ್ಕೋತ ಕುಂತಿದ್ಯಲ್ಲ, ತಾಯಿ."

ಶಾರವ್ವ ಮಣೆಯಿಂದ ಎದ್ದು ಚೀಲ ಹೆಗಲಿಗೇರಿಸಿದಳು.

*

ಮರುದಿನದಿಂದ ಅವಳು ಕರಿಮಣಿ ಹಾಕಲಿಲ್ಲ. ಬಾಗಿಲುಗಳು ಹಾಕಿಕೊಂಡವು. "ಮನ್ಯಾಗ ಯಾರೂ ಇಲ್ಲ" ಎಂದು ಮನೆಯವರೇ ಒಳಗಿನಿಂದ ಹೇಳಿದರು. ವರ್ಗಾವಣೆ ಕೇಳಿಬಿಡಬೇಕು ಎಂದು ಅವಳು ಯೋಚಿಸತೊಡಗಿದಳು.

ಆಗ ಒಂದು ಮಧ್ಯಾಹ್ನ ಉಪಕೇಂದ್ರದ ಕಟ್ಟೆಗೆ ಮಾದೇವಿ ಬಂದಳು. ಹದಿನೈದು ದಾಟಿದ ಹುಡುಗಿ. ಈ ಬೇಸಿಗೆಗೆ ಲಗ್ನ ಗೊತ್ತಾಗಿತ್ತು.

"ಬಾಯಾರ, ಒಂದ ಕೇಳ್ಲೇನ್ರಿ?"

"ಕೇಳು."

"ಮೂವತ್ತ ದಾಟಿದ್ರೂ ಲಗ್ನ ಇಲ್ಲಂದ್ರ ನಿಮ್ಮವ್ವ ಮನಿ ಬಿಡ್ಸಿಲ್ಲೇನ್ರಿ?"

"ಇಲ್ಲ. ಬೈತಾಳ."

"ಬರೇ ಬೈತಾಳ?"

"ಬರೇ ಬೈತಾಳ."

ಮಾದೇವಿ ಜಡೆಯ ತುದಿ ಕಚ್ಚಿಕೊಂಡು ಲೆಕ್ಕ ಹಾಕುವವಳಂತೆ ಯೋಚಿಸಿದಳು. "ಬೈಗಳಾ ಆದ್ರ ತಡಕೋತೇನಿ ನಾ" ಎಂದು ಎದ್ದು ಹೋದಳು.

ಶಾರವ್ವ ಹಾಗೇ ಕೂತಳು. ಹದಿನೆಂಟರವರೆಗೆ ಮದುವೆ ಬೇಡ, ಕಾಯಿದೆ ಇದೆ ಎಂದು ಈ ಊರಲ್ಲಿ ಎಷ್ಟು ಸಲ ಹೇಳಿದ್ದಳು. ಗೋಡೆಗೆ ಬಣ್ಣದ ಚಿತ್ರ ಬರೆಸಿದ್ದಳು. ಯಾರ ಕಿವಿಗೂ ಬಿದ್ದಿರಲಿಲ್ಲ. ಕಾಯಬಹುದು, ಕಾದರೂ ಬದುಕಬಹುದು ಎಂಬುದಕ್ಕೆ ಇಡೀ ಊರಿನಲ್ಲಿ ಒಬ್ಬಳೇ ಸಾಕ್ಷಿ ಇದ್ದಳು. ಅವಳನ್ನೇ ನಾನು ಇಷ್ಟು ವರ್ಷ ಮುಚ್ಚಿಟ್ಟಿದ್ದೆ!

ಮರುದಿನ ಬೆಳಿಗ್ಗೆ ಶಂಕ್ರವ್ವ ಕೂಸನ್ನೆತ್ತಿಕೊಂಡು ಬಂದಳು.

"ನನ್ನ ಮಗಳಿಗೆ ಏನ ಕಲಿಸೀದಿ? ಹದಿನೆಂಟ ಆಗೂತನ ಒಲ್ಲೆ ಅಂತ ಕುಂತಾಳ. ಆಕಿ ಅಪ್ಪಗ ಊಟಾ ಹೋಗವಲ್ದು."

"ನಾ ಏನೂ ಕಲಿಸಿಲ್ಲ ಶಂಕ್ರವ್ವ."

"ಕಲಿಸಿದ್ರ ಚಲೋ ಇತ್ತು." ಶಂಕ್ರವ್ವ ಕಟ್ಟೆಯ ಮೇಲೆ ಕುಸಿದು ಕೂತಳು. "ನನಗ ಆಕಿ ವಯಸ್ಸಿನಾಗ ಆಕಿ ಹುಟ್ಟಿದ್ಳು. ಆ ಗಂಡಸಗ ಏನಂತ ಹೇಳ್ಬೇಕು ಅಂತ ನೀನರ ಹೇಳಿಕೊಡು. ಸುಳ್ಳ ಹೇಳಿದ್ದಕ್ಕ ನಿನ್ನ ಮ್ಯಾಲೆ ಸಿಟ್ಟ ಐತಿ. ಅದು ಇರ್ಲಿ ಹಂಗ. ಹೋಗಾಕ ದಿನಾ ಬೇಕು."

ಶಾರವ್ವ ಕೂಸನ್ನು ತೂಗುವ ತಕ್ಕಡಿಗೆ ಇಳಿಸಿದಳು. ಕಣ್ಣು ಮಂಜಾಗಿ ಮುಳ್ಳು ಕಾಣಲಿಲ್ಲ.

*

ಶಂಕ್ರವ್ವ ಹೋದ ಮೇಲೆ ಸೈಕಲ್ಲಿನ ಸದ್ದಾಯಿತು.

ಹೊಳಬಸಪ್ಪ. ಗಡ್ಡ ಬೆಳೆದಿತ್ತು. ಅಂಗಿ ಮುದ್ದೆಯಾಗಿತ್ತು. ಬಸ್ಸಿಳಿದವನು ಸೈಕಲ್ ಹತ್ತಿ, ಯಾರನ್ನೂ ಮಾತಾಡಿಸದೆ ನೇರ ಇಲ್ಲಿಗೇ ಬಂದಂತಿತ್ತು.

"ನಿಮ್ಮ ಯಜಮಾನ್ರನ್ನ ಭೆಟ್ಟಿ ಆಗಿ ಬಂದೆ ಅಕ್ಕಾರ."

ಶಾರವ್ವನಿಗೆ ಅರ್ಥವಾಗಲಿಲ್ಲ. "ಯಾರನ್ನ?"

"ಕರಬಸಪ್ಪನ್ನ. ಹರಿಹರದಾಗ."

"...ಸಿಕ್ರು?"

"ಗೇಟಿನ ಮುಂದ ದಿನಾ ನಿಂತೆ. ಕರಬಸಪ್ಪ ಅನ್ನಾವ್ರು ಇಬ್ರು ಅದಾರ. ಒಬ್ಬಾಂವ ಮುದುಕ. ಇನ್ನೊಬ್ಬನ ಮನಿಗೆ ಹೋದೆ. ಮತ್ತೊಂದು ಹೇಣ್ತಿ ಇಟಗೊಂಡಾನ್ರಿ, ಹೇಳಾಕ ನನಗ ಬ್ಯಾಸರ ಆಕ್ಕೈತಿ. ನಿಮ್ಮ ಹೆಸರ ಹೇಳಿದ್ರ, ಶಾರವ್ವ ಯಾರು, ನನಗ ಗೊತ್ತಿಲ್ಲ ಅಂದ."

"ಅಯ್ಯ ದೇವರ..."

"ನಾ ಬಿಡಲಿಲ್ಲ. ಬಂಗಾರದಂಥಾ ಹೆಣಮಗಳನ್ನ ಗೊತ್ತಿಲ್ಲ ಅಂತೀಯಲ್ಲ, ನಾಚ್ಕಿ ಬರೂದಿಲ್ಲೇನು ಅಂದೆ. ಅಷ್ಟರಾಗ ಆಕಿ ಒಳಗಿಂದ ಕಸಬರಗಿ ತಗೊಂಡ ಬಂದ್ಳು."

"ನಿಮಗ ಹೊಡೀಲಿಲ್ಲಲ್ಲ?"

"ನನಗಲ್ಲ, ಅವಗ."

ಶಾರವ್ವ ಸೆರಗನ್ನು ಬಾಯಿಗೊತ್ತಿಕೊಂಡಳು. ನಗು ಬಂತು. ನಗುತ್ತಲೇ ಅಳು ಬಂತು. ಎರಡನ್ನೂ ತಡೆಯಲಾಗಲಿಲ್ಲ.

"ಯಾಕ ಹೋಗಿದ್ರಿ ಅಲ್ಲಿಗೆ?"

"ಸೋಡಚೀಟಿ ಕೇಳಾಕ."

ಮೊದಲ ಗಂಡ ಹಿರಿಯರ ಮುಂದೆ ಹೆಂಡತಿಯನ್ನು ಬಿಟ್ಟೆನೆಂದು ಬರೆದುಕೊಟ್ಟರೆ ಮಾತ್ರ ಅವಳಿಗೆ ಉಡಿಕೆ.

"ಉಡಿಕಿ ಯಾರ ಜೋಡಿ?"

ಅವನು ಸೈಕಲ್ಲಿನ ಹ್ಯಾಂಡಲ್ ಹಿಡಿದುಕೊಂಡ. "ಅದನ್ನ... ಚೀಟಿ ಸಿಕ್ಕ ಮ್ಯಾಲೆ ನಿಮ್ಮನ್ನ ಕೇಳ್ಬೇಕಂತ ಇದ್ದೆ."

ಶಾರವ್ವ ಕಣ್ಣೊರೆಸಿಕೊಂಡು ಎಲ್ಲವನ್ನೂ ಹೇಳಿದಳು. ಸರೋಜವ್ವನ ಮಾತು, ಕಂಡಕ್ಟರನ ಹೆಸರು, ಉಡಿಯ ಅಕ್ಕಿ. ಒಂದನ್ನೂ ಬಿಡಲಿಲ್ಲ. ಅವನು ಅವಳ ಬರಿಗೊರಳನ್ನು ಈಗಷ್ಟೇ ಕಂಡವನಂತೆ ನೋಡಿದ. ನಂತರ ಸೈಕಲ್ ತಿರುಗಿಸಿ ಬೇವಿನ ಮರದವರೆಗೆ ಹೋದ.

ಹೋದ... ಇವನೂ ಹೋದ. ಅವಳು ಕರೆಯಲಿಲ್ಲ. ಯಾವ ಬಾಯಿಂದ ಕರೆಯುವುದು?

ಮರದ ಕೆಳಗೆ ನಿಂತವನು ಮತ್ತೆ ತಿರುಗಿ ಬಂದ.

"ಇಷ್ಟ ತಿಂಗಳು ಒಬ್ಬ ಇಲ್ಲದ ಮನಶಾನ ಮ್ಯಾಲೆ ಹೊಟ್ಟಿಕಿಚ್ಚ ಪಟ್ಟೇನಿ. ಮಂದಿ ಹೇಣ್ತಿ ಮ್ಯಾಲೆ ಮನಸ ಹೋತಲ್ಲ ಅಂತ ನನ್ನ ಮಾರಿ ನನಗ ನೋಡ್ಕೊಳ್ಳಾಕ ಆಗ್ತಿದ್ದಿಲ್ಲ. ಈಗ ಸಿಟ್ಟ ಬರ್ಬೇಕೋ ಸಂತೋಷ ಆಗ್ಬೇಕೋ, ನನಗ ತಿಳೀವಲ್ದು."

"ನನಗೂ ತಿಳೀವಲ್ದು."

"ಆ ಹರಿಹರದಾವಗ ಏನ ಮಾಡೂದು? ಪಾಪ."

"ಇಬ್ರೂ ಹೋಗಿ ಆ ಹೆಣಮಗಳ ಮುಂದ ತಪ್ಪಾತು ಅನ್ನೂಣು."

"ಇಬ್ರೂ" ಎಂಬ ಮಾತು ಇಬ್ಬರ ನಡುವೆ ಸ್ವಲ್ಪ ಹೊತ್ತು ನಿಂತಿತು. ಹೊಳಬಸಪ್ಪ ಸೈಕಲ್ಲನ್ನು ಒರಗಿಸಿದ. ಮೊದಲ ಸಲ ಅವಳೆದುರು ಕುಳಿತ. ಆದರೂ ಕಟ್ಟೆಯ ಇನ್ನೊಂದು ತುದಿಗೆ.

ಶಾರವ್ವ ಹೇಳಿದಳು. "ಕೇಳ್ರಿ. ನನಗ ಮೂವತ್ತೊಂದು ಮುಗೀತು. ಮಕ್ಕಳು ತಡಾ ಆಗಬಹುದು. ಆಗದನೂ ಇರಬಹುದು. ನಾ ಕಲಿತದ್ದು ಅಷ್ಟ ಹೇಳ್ತೈತಿ. ನನಗ ಬೇಕಂತ ಅನಿಸ್ತೈತಿ, ಅಂಜಿಕಿನೂ ಆಕ್ಕೈತಿ. ಮೊದಲನೇ ವರ್ಷಾನ ತೊಟ್ಟಲಾ ಕೇಳೂ ಮನಿಗೆ ನಾ ಬರೂದಿಲ್ಲ."

"ನಾ ಕೇಳಾಕ ಬಂದದ್ದು ನಿಮ್ಮನ್ನ. ತೊಟ್ಟಲಾ ನೀವು ಬೇಕಂದಾಗ ಕೇಳೂಣು. ಬರ್ಲಿಲ್ಲಂದ್ರ ಇಬ್ರ ಇರೂಣು."

"ಆಮ್ಯಾಲೆ ಮಾತ ತಿರುವಿದ್ರ?"

"ಹದಿನಾಲ್ಕ ವರ್ಷದ್ದನ್ನ ಒಲ್ಲೆ ಅಂದಾಂವ ನಾ, ಮಂದಿ ಹೇಳಿದ್ದಕ್ಕ ತಿರುಗೂದಾದ್ರ ಅವತ್ತ ತಿರುಗ್ತಿದ್ದೆ."

ಎದುರಿನ ಬೋರಿಂಗಿಗೆ ನೀರು ತರಲು ಬಂದ ಹೆಂಗಸರು ಕೊಡ ಇಳಿಸಿ ನೋಡುತ್ತಿದ್ದರು. ಕೂಸನ್ನು ಮನೆಯಲ್ಲಿ ಬಿಟ್ಟು ಅವರೊಡನೆ ಬಂದಿದ್ದ ಶಂಕ್ರವ್ವ ಅಲ್ಲಿಂದಲೇ ಕೂಗಿ ಕೇಳಿದಳು. "ಯಾಕವ್ವಾ, ಏನ ನಡದೈತಿ ಅಲ್ಲಿ?"

ಹೊಳಬಸಪ್ಪ ಗಾಬರಿಯಿಂದ ಎದ್ದು ನಿಲ್ಲಲು ಹೋದ. ಶಾರವ್ವ ಬಾಗಿ ಕೈ ಚಾಚಿ ಅವನ ಅಂಗಿಯ ತೋಳು ಹಿಡಿದು ಕೂರಿಸಿದಳು.

"ಇವ್ರು ನನ್ನ ಲಗ್ನ ಆಗ್ತಾರಂತ ಶಂಕ್ರವ್ವ," ಎಂದಳು ಎಲ್ಲರಿಗೂ ಕೇಳುವಂತೆ.

"ಖರೇನೋ, ಇದೂ ಸುಳ್ಳೋ?"

"ಖರೇ."

ಹೆಂಗಸರು ತಮ್ಮ ತಮ್ಮಲ್ಲೇ ಏನೋ ಮಾತಾಡಿಕೊಂಡರು. ಒಬ್ಬಳು ನಕ್ಕಳು. ಶಂಕ್ರವ್ವ ಕೊಡವನ್ನು ಸೊಂಟಕ್ಕೇರಿಸಿ, "ಇರ್ಲಿ, ನೋಡೂಣು" ಎಂದು ಹೊರಟಳು.

ತೋಳು ಹಿಡಿದ ಕೈಯನ್ನು ಶಾರವ್ವ ಇನ್ನೂ ಬಿಟ್ಟಿರಲಿಲ್ಲ.

"ಯಾವಾಗ ಅಂತ ನನಗರ ಹೇಳ್ರಿ," ಎಂದ ಅವನು, ಮೆಲ್ಲಗೆ.

"ನಿಮ್ಮ ಅಕ್ಕನ್ನ ಮಾತಾಡ್ಸೂಣು ಮೊದಲ. ನಮ್ಮವ್ವಗೂ ಎಲ್ಲಾ ಹೇಳ್ಬೇಕು. ಭಾಳ ಬೈತಾಳ."

"ಅಂದ್ರ ಇನ್ನೂ ತಡಾ ಐತಿ."

"ಅವಸರ ಐತೇನು ನಿಮಗ?"

ಅವನು ಕಟ್ಟೆಯ ಆ ತುದಿಯಿಂದ ಒಂದಿಷ್ಟು ಇತ್ತ ಸರಿದು ಕೂತ.

"ಇಷ್ಟ ಸಾಕು. ಅವಸರ ಇತ್ತು, ಈಗಿಲ್ಲ."